ಬೆನ್ನ ಹಿಂದಿನ ಉಸಿರು

ಮೆಟ್ಟಿಲು ತಿರುಗುವ ಕಡೆ ಅವನು ದಿನದ ಹಾಗೆ ಬೂಟಿನ ಲೇಸು ಕಟ್ಟಲೆಂದು ಬಗ್ಗಿದ. ಬಗ್ಗಿದ ಮೇಲೆ ಗೊತ್ತಾಯಿತು, ಇವತ್ತು ಹಾಕಿಕೊಂಡು ಬಂದಿರುವುದು ಲೇಸೇ ಇಲ್ಲದ ಬೂಟು. ಬೆರಳುಗಳು ಒಂದು ಗಳಿಗೆ ಇಲ್ಲದ ಗಂಟನ್ನು ಹುಡುಕಿ ಸುಮ್ಮನಾದವು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ. ಆದರೆ ಏಳುವ ಹಾಗಿರಲಿಲ್ಲ. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಂತಿತ್ತು, ಅದು ಒಂದಿಷ್ಟು ಸಡಿಲವಾಗುವ ತನಕ ಬಗ್ಗಿಯೇ ಇರಬೇಕಿತ್ತು. ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒರೆಸಿ "ಧೂಳು" ಎಂದ, ಯಾರೂ ಕೇಳದಿದ್ದರೂ. ಮೇಲಿನ ಮೆಟ್ಟಿಲಲ್ಲಿ ಬಿಲ್ಲಿನ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ ಮಗಳು "ಹ್ಞೂಂ" ಎಂದಳು. ಗೋಡೆಯ ಸುಣ್ಣ ಉದುರಿ ಆಗಿದ್ದ ಮಚ್ಚೆಯೊಂದನ್ನು ಅವಳು ಹುಟ್ಟಿದಂದಿನಿಂದ ಕಾಣದವಳಂತೆ ನೋಡುತ್ತಿದ್ದಳು. ಕಂಡಳೋ, ಕಾಣಲಿಲ್ಲವೋ. ಕಂಡಿರಲಾರಳು ಎಂದುಕೊಂಡ, ಹಾಗಂದುಕೊಂಡರೆ ಉಳಿದ ಮೆಟ್ಟಿಲು ಹತ್ತುವುದು ಸುಲಭವಾಗಿತ್ತು.

ಈ ಬೂಟು ಹೆಂಡತಿ ತಂದದ್ದು. ಮೊದಲೆಲ್ಲ ಅವಳು ಆಡಿಕೊಳ್ಳುತ್ತಿದ್ದಳು: ನಿಮ್ಮ ಲೇಸಿಗೇನು ಬಂದಿದೆಯೋ ರೋಗ, ಸಪಾಟು ನೆಲದ ಮೇಲೆ ಇಡೀ ದಿನ ಗಟ್ಟಿಯಾಗಿರುತ್ತೆ, ಮೆಟ್ಟಿಲು ಕಂಡ ಕೂಡಲೇ ಬಿಚ್ಚಿಕೊಳ್ಳುತ್ತೆ, ಅಂತ. ಅವನೂ ನಗುತ್ತಿದ್ದ. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬಂದರು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಸಿಕ್ಕಿಸಿ, ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದು, ವಿಳಾಸ ಹೇಳಿದಷ್ಟು ತಣ್ಣಗೆ ಹೇಳಿದರು. ಅವತ್ತಿನಿಂದ ಹೆಂಡತಿ ಲೇಸಿನ ಮಾತೆತ್ತಲಿಲ್ಲ. ಡಾಕ್ಟರ ಮಾತಿಗಿಂತ, ಅವಳು ಆಡಿಕೊಳ್ಳುವುದನ್ನು ನಿಲ್ಲಿಸಿದ್ದೇ ಅವನನ್ನು ಹೆಚ್ಚು ಹೆದರಿಸಿತು. ನಿನ್ನೆ ಕೆಲಸದಿಂದ ಬರುವಾಗ ಈ ಬೂಟು ಹಿಡಿದುಕೊಂಡು ಬಂದಿದ್ದಳು, ಬಗ್ಗೋ ತಾಪತ್ರಯ ಇರಲ್ಲ, ಸುಮ್ಮನೆ ಕಾಲು ತೂರಿಸಿದರಾಯಿತು, ಎಂದು. ಬಗ್ಗುವುದೊಂದೇ ಅವನಿಗಿದ್ದ ಮರೆ ಎಂದು ಪಾಪ ಅವಳಿಗೇನು ಗೊತ್ತು. ಮಗಳಿಗೆ ಹೇಳಿಬಿಡಿ ಎಂದು ದಿನಾ ಗೋಗರೆಯುತ್ತಿದ್ದಳು. ಆಯ್ಕೆ ಸುತ್ತು ಮುಗಿಯಲಿ ಎಂದು ಅವನು ದಿನಾ ಅದೇ ಉತ್ತರ ಕೊಡುತ್ತಿದ್ದ. ಅವಳೇನು ಕಲ್ಲೇನ್ರೀ, ಅವಳಿಗೆ ಕಣ್ಣು ಕಿವಿ ಇಲ್ವಾ, ಎಂದು ಒಂದು ಬೆಳಗ್ಗೆ ತಟ್ಟೆ ತೊಳೆಯುತ್ತಾ ಕೇಳಿದ್ದಳು. ಅವನು ಎದ್ದು ಹೋಗಿ ಬಾಣದ ಗರಿಗೆ ಅಂಟು ಹಚ್ಚುತ್ತಾ ಕೂತಿದ್ದ.

ಆಯ್ಕೆ ಸುತ್ತು ಬರುವ ವಾರವಿತ್ತು. ಈ ಸಲ ರಾಜ್ಯದ ಕಿರಿಯರ ತಂಡಕ್ಕೆ ಸೇರದಿದ್ದರೆ ಮುಂದಿನ ವರ್ಷಕ್ಕೆ ಮಗಳ ವಯಸ್ಸು ಮೀರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಗಿಡ್ಡ ಬಿಲ್ಲು ಹಿಡಿದು ಗುರಿಹಲಗೆ ಬಿಟ್ಟು ಗೋಡೆಗೆ ಹೊಡೆಯುತ್ತಿದ್ದ ಕಾಲದಿಂದ ಇಬ್ಬರೂ ಕಾದದ್ದು ಈ ವಾರಕ್ಕೆ. ಅಂಥ ಹೊತ್ತಲ್ಲಿ ಬಾಣಗಳು ಕೈಕೊಟ್ಟಿದ್ದವು. ಚಳಿ ಶುರುವಾಗುವ ತನಕ ಗುರಿಯ ನಡುವಿನ ಹಳದಿಯೊಳಗೆ ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು, ಈಗ ಒಂದು ಮೇಲೆ ಒಂದು ಕೆಳಗೆ, ಕೈಯಿಂದ ಎರಚಿದ ಹಾಗೆ. ಅವನು ಮಾಡದ್ದಿಲ್ಲ. ಬಿಲ್ಲಿನ ಹೆದೆಯನ್ನು ಹೊಸದಾಗಿ ಹೊಸೆದು ಕಟ್ಟಿದ. ಹಿಡಿಯ ಮೇಲಿನ ಪಟ್ಟಿ ಕಿತ್ತು ಬೇರೆ ಸುತ್ತಿದ. ಮೊಣಕೈ ಮೇಲೆತ್ತಿಸಿದ, ಮತ್ತೆ ಇಳಿಸಿದ. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ, ಕಣ್ಣು ಚೆನ್ನಾಗಿತ್ತು. ಕೊನೆಗೆ ಏನೂ ತೋಚದೆ ಬೈಯತೊಡಗಿದ. ಎಳೆದು, ಗದ್ದದ ಕೆಳಗೆ ಕೈ ಕೂರಿಸಿ, ಎಲ್ಲ ಸರಿಯಾದ ಮೇಲೂ ಅವಳು ಬಿಡದೆ ನಿಂತುಬಿಡುತ್ತಿದ್ದಳು, ತೋಳು ನಡುಗುವ ತನಕ. ಒಂದು ದಿನ ಎಲ್ಲರೆದುರಿಗೆ, "ಬಿಲ್ಲು ಹಿಡ್ಕೊಂಡು ನಿದ್ದೆ ಹೊಡೀತೀಯೇನೆ?" ಎಂದುಬಿಟ್ಟ. ಗೆರೆಯ ಮೇಲೆ ನಿಂತವರು ಕಿಸಕ್ಕೆಂದರು. ಅವಳು ತಿರುಗಿ ನೋಡಿದ್ದಳು, ಅಪ್ಪನ ಮುಖವನ್ನಲ್ಲ, ಅಂಗಿಯ ಎರಡನೆಯ ಗುಂಡಿಯನ್ನು, ಎದೆಯ ಹತ್ತಿರ. ಅದೇಕೆ ಅಲ್ಲಿ ನೋಡಿದಳೆಂದು ಅವತ್ತು ಅವನು ಯೋಚಿಸಲಿಲ್ಲ. ಗುಂಡಿ ಬಿಚ್ಚಿಕೊಂಡಿರಬೇಕೆಂದು ಮುಟ್ಟಿ ನೋಡಿಕೊಂಡಿದ್ದ.

ಮಹಡಿಯ ಮೇಲೆ ತಗಡಿನ ಬಾಗಿಲು ತೆರೆದರೆ ಉದ್ದನೆಯ ಒಂದೇ ಕೋಣೆ. ಹಿಂದೆ ನೂಲಿನ ಗೋದಾಮಾಗಿತ್ತು, ಗೋಡೆಗಳು ಇನ್ನೂ ಹತ್ತಿಯ ವಾಸನೆ ಬಿಟ್ಟಿರಲಿಲ್ಲ. ಈ ತುದಿಯಲ್ಲಿ ನೆಲಕ್ಕೆ ಬಳಿದ ಬಿಳಿ ಗೆರೆ, ಆ ತುದಿಯಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಹಲಗೆಗಳು, ಅವುಗಳ ಮೇಲೆ ಬಣ್ಣದ ಸುತ್ತುಗಳ ಕಾಗದ, ನಟ್ಟನಡುವೆ ಅಂಗೈಯಷ್ಟು ಹಳದಿ. ಇಲ್ಲಿ ಅವನನ್ನು ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು. ಇನ್ನೊಬ್ಬ ಕೋಚ್ ಇದ್ದ, ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಅವನ ಹೆಸರೇ ಸೀಟಿ ಆಗಿಹೋಗಿತ್ತು. ಸೀಟಿಯ ಶಿಷ್ಯರ ಬಿಲ್ಲಿಗೆಲ್ಲ ಕ್ಲಿಕ್ಕರ್ ಇತ್ತು, ಬೆರಳುದ್ದದ ತಗಡಿನ ಪಟ್ಟಿ. ಬಾಣವನ್ನು ಪೂರ್ತಿ ಎಳೆದಾಗ ಅದು ಟಿಕ್ ಎನ್ನುತ್ತದೆ, ಟಿಕ್ ಎಂದಾಗ ಬಿಡಬೇಕು. ಬೆಳಗ್ಗೆಲ್ಲ ಆ ಕಡೆಯಿಂದ ಟಿಕ್, ಧಪ್, ಟಿಕ್, ಧಪ್. ಮಗಳ ಬಿಲ್ಲಿಗೂ ಒಂದು ಕಾಲದಲ್ಲಿ ಅದಿತ್ತು. ಟಿಕ್ ಎಂದರೆ ಸಾಕು ಬೆಚ್ಚಿ ಬೀಳುತ್ತಿದ್ದಳು, ಬಾಣ ಎತ್ತಲೋ. ಅವನು ಅದನ್ನು ಕಿತ್ತು ಡಬ್ಬಿಗೆ ಹಾಕಿಬಿಟ್ಟ. ಒಳಗಿನಿಂದ ಬರಲಿ ಮರಿ, ತಗಡು ಯಾಕೆ ಹೇಳಬೇಕು ನಿನಗೆ, ಎಂದಿದ್ದ. ಬಂತು ಕೂಡ. ನೋಡನೋಡುತ್ತಾ ಅವಳ ಕೈ ಹೂ ಬಿಟ್ಟಷ್ಟು ಸಲೀಸಾಗಿ ಬಾಣ ಬಿಡತೊಡಗಿತು. ನೋಡಿದವರು ಬೆರಗಾದರು. ಅವನಿಗೆ ಅದರ ಮೇಲೆ ಎಷ್ಟು ಗರ್ವವಿತ್ತೆಂದರೆ, ಹೊಸದಾಗಿ ಬಂದವರಿಗೆಲ್ಲ ಮಗಳ ಬಿಲ್ಲು ತೋರಿಸಿ, ಇದರಲ್ಲಿ ಏನಿಲ್ಲ ಹೇಳಿ ನೋಡೋಣ, ಎಂದು ಕೇಳುತ್ತಿದ್ದ. ಸೀಟಿ ಮಾತ್ರ ಒಂದು ಸಲ ಚಹಾ ಹೀರುತ್ತಾ, "ಒಳಗಿಂದ ಬರ್ಲಿ ಅಂತೀರಲ್ಲ ಮೇಷ್ಟ್ರೇ, ಯಾರ ಒಳಗಿಂದ?" ಎಂದಿದ್ದ. ಹೊಟ್ಟೆಕಿಚ್ಚು ಎಂದುಕೊಂಡು ಅವನು ನಕ್ಕು ಸುಮ್ಮನಾಗಿದ್ದ.

ಇವತ್ತು ಮಗಳು ಕೈಗೆ ಪಟ್ಟಿ ಕಟ್ಟಿಕೊಂಡು ಗೆರೆಯ ಮೇಲೆ ನಿಂತಳು. ಅವನು ತನ್ನ ಜಾಗದಲ್ಲಿ ನಿಂತ, ಅವಳ ಬಲಹೆಗಲ ಹಿಂದೆ, ಜಡೆ ಮುಟ್ಟದಷ್ಟು ದೂರದಲ್ಲಿ. ಇಷ್ಟು ವರ್ಷ ನಿಂತೂ ನಿಂತೂ ಅಲ್ಲಿನ ನೆಲದ ಬಣ್ಣ ಮಾಸಿತ್ತು. ಮೊದಲ ಬಾಣ ಕೆಳಗೆ ಹೋಯಿತು. ಎರಡನೆಯದನ್ನು ಎಳೆದು ನಿಂತಾಗ ಅವನ ಗಂಟಲಲ್ಲಿ ಕೆರೆತ ಶುರುವಾಯಿತು. ಅವಳೆದುರು ಕೆಮ್ಮಬಾರದೆಂದು ಅವನು ತನಗೇ ಹಾಕಿಕೊಂಡಿದ್ದ ಕಟ್ಟಳೆ. ಮುಖ ಕೆಂಪೇರಿದರೂ ತಡೆದು, ಕಣ್ಣಲ್ಲಿ ನೀರು ಬಂದರೂ ತಡೆದು, ಆಮೇಲೆ "ಬಂದೆ" ಎಂದು ಬಚ್ಚಲಿನ ಕಡೆ ನಡೆದುಬಿಡುತ್ತಿದ್ದ. ಇವತ್ತೂ ಹಾಗೇ ನಡೆದ. ನಲ್ಲಿ ಪೂರ್ತಿ ಬಿಟ್ಟು ಆ ಸದ್ದಿನೊಳಗೆ ಕೆಮ್ಮಿದ. ಕೆಮ್ಮಿ ಮುಗಿದ ಮೇಲೆ ಗೋಡೆಗೆ ಕೈಕೊಟ್ಟು ನಿಂತವನಿಗೆ ಕಿಟಕಿಯ ಒಡೆದ ಗಾಜಿನಲ್ಲಿ ಮಗಳು ಕಂಡಳು. ಎಳೆದಳು. ನಿಂತಳು. ಬಿಡಲಿಲ್ಲ. ಹಾಗೇ ನಿಧಾನಕ್ಕೆ ಹೆದೆಯನ್ನು ವಾಪಸು ತಂದು ಬಿಲ್ಲು ಇಳಿಸಿದಳು. ಮತ್ತೆ ಎಳೆದಳು, ಮತ್ತೆ ಇಳಿಸಿದಳು. ಬಚ್ಚಲಿನ ಬಾಗಿಲ ಕಡೆ ಒಮ್ಮೆ ನೋಡಿ, ಬೆವರೊರೆಸಿಕೊಂಡು, ಮೂರನೆಯ ಸಲ ಎಳೆದು, ಮೂರನೆಯ ಸಲವೂ ಇಳಿಸಿದಳು. ಅವನು ನಲ್ಲಿ ನಿಲ್ಲಿಸಿದ.

ವಾಪಸು ಬಂದು ನಿಂತ. ಅವಳು ಎಳೆದಳು. ಅವನು ಉಸಿರು ಬಿಟ್ಟ. ಆ ಗಳಿಗೆಗೇ ಬಾಣ ಹೋಯಿತು. ಇರಲಿಕ್ಕಿಲ್ಲ ಎಂದುಕೊಂಡ. ಮುಂದಿನ ಸಲ ಅವಳ ಕೈ ಗದ್ದದ ಕೆಳಗೆ ಕೂತ ಕೂಡಲೇ ಬೇಕೆಂದೇ ಉಸಿರನ್ನು ಒಳಗೇ ಹಿಡಿದ. ಅವಳು ನಿಂತಳು. ಅವನು ಹಿಡಿದೇ ಇದ್ದ. ಅವಳ ತೋಳು ನಡುಗಿತು, ಕುತ್ತಿಗೆಯ ನರ ಎದ್ದಿತು, ಆದರೂ ನಿಂತೇ ಇದ್ದಳು. ಅವನ ಪಕ್ಕೆಗಳು ಉರಿಯತೊಡಗಿದವು, ಕಿವಿಯಲ್ಲಿ ಗುಂಯ್ ಎಂದಿತು, ಕೊನೆಗೆ ತಾಳಲಾರದೆ ಬಿಟ್ಟ. ಬಿಟ್ಟ ಗಳಿಗೆಗೇ ಬಾಣ ಹಾರಿತು, ಹಳದಿಯಿಂದ ಎಷ್ಟೋ ದೂರಕ್ಕೆ. ಒಂದು ಸಲ ಸಾಕಿತ್ತು, ಅವನು ಇನ್ನೊಂದು ಸಲ ನೋಡಿದ. ಮತ್ತೂ ಹೆಚ್ಚು ಹೊತ್ತು ಹಿಡಿದ. ಅವಳೂ ಹಾಗೇ ನಿಂತಳು. ಆಮೇಲೆ ಅವನಿಗೇನಾಯಿತೋ, ಹಾಳು ಬುದ್ಧಿ, ಹಿಂದಿನ ಹಾಗೆ ಉಸಿರಾಡತೊಡಗಿದ, ರೋಗವಿಲ್ಲದವನ ಹಾಗೆ. ಪಕ್ಕೆ ಒಡೆದುಹೋಗುವಂತಾದರೂ ಉಸಿರನ್ನು ಉದ್ದಕ್ಕೆ ಎಳೆದು, ತಡವರಿಸದೆ, ಸರಿಯಾದ ಗಳಿಗೆಯಲ್ಲಿ ಮೆಲ್ಲಗೆ ಬಿಟ್ಟ. ಬಾಣ ಹಳದಿಗೆ. ಮತ್ತೆ ಎಳೆದು ಬಿಟ್ಟ, ಮತ್ತೆ ಹಳದಿಗೆ. ಅವಳ ಹೆಗಲು ಎಷ್ಟೋ ದಿನದ ಮೇಲೆ ಸಡಿಲವಾದದ್ದು ಹಿಂದಿನಿಂದಲೇ ತಿಳಿಯಿತು. ಆರಕ್ಕೆ ಆರು ಬಾಣ ಒಂದೇ ಹಿಡಿಯಲ್ಲಿ ಹಿಡಿಯಬಹುದಾದಷ್ಟು ಹತ್ತಿರ ನಿಂತಾಗ ಸೀಟಿ ಆ ಕಡೆಯಿಂದ ಚಪ್ಪಾಳೆ ತಟ್ಟಿದ, ಬಂತಲ್ಲ ಮೇಷ್ಟ್ರೇ ಹಳೇ ಕೈ, ಎಂದ. ಅವನು ತಲೆಯಾಡಿಸಿದ. ಆ ಆರೂ ಬಾಣ ತಾನೇ ಬಿಟ್ಟದ್ದು ಎಂಬ ಒಂದು ಕೆಟ್ಟ ಸಂತೋಷ ಗಂಟಲವರೆಗೆ ಬಂದಿತ್ತು. ಮಗಳು ಬಾಣ ಕೀಳಲು ಹೋದಾಗ ಕಂಬ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದ. ಅಂಗಿ ಬೆನ್ನಿಗೆ ಅಂಟಿತ್ತು.

ಆಯ್ಕೆಯ ದಿನ ಕೋಚುಗಳನ್ನು ಹಗ್ಗದ ಆಚೆ ಕೂರಿಸುತ್ತಾರೆ. ಹಗ್ಗದ ಆಚೆಯಿಂದ ಕೂಗಿದರೂ ಕೇಳಿಸುವುದಿಲ್ಲ, ಇನ್ನು ಉಸಿರೇನು ಕೇಳಿಸೀತು. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲವೂ ಅವಳು ಅಲ್ಲಿಗೆ ಹೋಗಿ ಕೈಚೆಲ್ಲಿ ಬಂದಿದ್ದಳು. ಎದೆಗಾರಿಕೆ ಸಾಲದು ಎಂದು ಅವನು ಬಸ್ಸಿನಲ್ಲಿ ಉದ್ದಕ್ಕೂ ಬುದ್ಧಿ ಹೇಳಿಕೊಂಡು ಬಂದಿದ್ದ. ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡು ಹೂಂಗುಟ್ಟಿದ್ದಳು. ತಗಡಿನ ಟಿಕ್ ಕಿತ್ತುಹಾಕಿ, ಆ ಜಾಗದಲ್ಲಿ ತನ್ನನ್ನೇ ಸಿಕ್ಕಿಸಿ ಕೊಟ್ಟಿದ್ದನಲ್ಲ ಮಹಾರಾಯ, ಅದೂ ಸವೆಯುತ್ತಾ ಬಂದ ಮೇಲೆ ಬಾಣ ಸರಿಯಿಲ್ಲ ಎಂದು ಅವಳನ್ನು ಬೈದನಲ್ಲ. ಮೊಣಕೈ ಎತ್ತು ಅಂದದ್ದು, ಇಳಿಸು ಅಂದದ್ದು, ಕಣ್ಣಿನ ಡಾಕ್ಟರು, ಎಲ್ಲ ನೆನಪಾಗಿ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಾನು ಮುಚ್ಚಿಟ್ಟ ರೋಗ ದಿನಾ ಆ ಹಲಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ನೆಟ್ಟಿರುತ್ತಿತ್ತು. ತಾನೊಬ್ಬನೇ ಕಂಡಿರಲಿಲ್ಲ.

ಸೀಟಿ ತನ್ನವರನ್ನೆಲ್ಲ ಕರೆದುಕೊಂಡು ಚಹಾಕ್ಕೆ ಇಳಿದುಹೋದ. ಕೋಣೆ ಖಾಲಿಯಾಯಿತು. ಮಗಳು ಬಾಣಗಳನ್ನು ಬಟ್ಟೆಯಿಂದ ಒರೆಸಿ ಒಂದೊಂದಾಗಿ ಬತ್ತಳಿಕೆಗೆ ಹಾಕುತ್ತಿದ್ದಳು. ಅವನು ಮಾತು ಶುರು ಮಾಡಿದ. ಡಬ್ಬಿಯಲ್ಲಿ ಹಳೆಯ ಕ್ಲಿಕ್ಕರ್ ಇನ್ನೂ ಇದೆ, ಹಾಕಿಕೊಡುತ್ತೇನೆ, ತಾನು ಅದನ್ನು ಕಿತ್ತದ್ದೇ ತಪ್ಪಾಯಿತು, ಎಂದ. ಮಗಳ ಮುಂದೆ ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ನಾಲಿಗೆಗೆ ಅದರ ರುಚಿಯೇ ಬೇರೆ ಅನಿಸಿತು. ಅವಳು ತಲೆಯೆತ್ತದೆ ಬೇಡ ಎಂದಳು. ಒಂದು ವಾರದಲ್ಲಿ ಅದಕ್ಕೆ ಕೈ ಹೊಂದುವುದಿಲ್ಲ, ಅದು ನಿನಗೂ ಗೊತ್ತು, ಎಂದಳು. ಹಾಗಾದರೆ ನಾನು ಹಿಂದೆ ನಿಲ್ಲುವುದಿಲ್ಲ, ಇವತ್ತಿನಿಂದ ಬಾಗಿಲಾಚೆ ಕೂರುತ್ತೇನೆ, ನೀನೊಬ್ಬಳೇ ಬಿಡು, ಎಂದ. ಯಾಕೆ ಎಂದು ಅವಳು ಕೇಳುತ್ತಾಳೆ, ಕೇಳಿದರೆ ಏನಾದರೂ ಸುಳ್ಳು ಹೇಳಬೇಕು, ಎಂದು ಹುಡುಕತೊಡಗಿದ. ಅವಳು ಕೇಳಲಿಲ್ಲ. ಕೈಯಲ್ಲಿದ್ದ ಬಾಣವನ್ನು ಒರೆಸಿದ್ದನ್ನೇ ಒರೆಸಿದಳು.

"ಲೇಸಿಲ್ಲದ ಬೂಟಿಗೂ ಲೇಸು ಕಟ್ತೀಯಲ್ಲಪ್ಪ," ಎಂದಳು.

ಅವನಿಗೆ ನಗು ಬಂತು, ನಗಲು ಹೋದರೆ ಕೆಮ್ಮು ಬಂತು, ಅದನ್ನು ನುಂಗಿದ. ಕಣ್ಣಲ್ಲಿ ನೀರಾಡಿತು. ಅಮ್ಮ ಹೇಳಿದಳಾ, ಎಂದು ಕೇಳಿದ. ಅಮ್ಮ ಏನೂ ಹೇಳಿಲ್ಲ, ಅವಳ ಮುಖ ನೋಡಿದರೆ ಸಾಕಲ್ಲ, ಎಂದಳು. ಕೆಳಗಡೆ ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎತ್ತುವ ಸದ್ದಾಯಿತು. ಅವನು, ನೀನು ನನ್ನ ಉಸಿರಿಗೆ ಬಾಣ ಬಿಡ್ತಾ ಇದ್ದೀಯ, ಅದು ನಿನಗೆ ಗೊತ್ತಿದೆಯಾ ಮರಿ, ಎಂದು ಕೇಳಿದ. ಎಷ್ಟು ತಡವರಿಸಿ ಕೇಳಿದನೆಂದರೆ ಅವಳಿಗೇ ಅವನ ಮೇಲೆ ಮರುಕ ಬಂದಿರಬೇಕು. ಬತ್ತಳಿಕೆ ಕೆಳಗಿಟ್ಟು ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು.

"ಮೊದ್ಲು ಗೊತ್ತಿರ್ಲಿಲ್ಲ. ನೀನು ಬಿಡ್ತಿದ್ದೆ, ನಾನೂ ಬಿಡ್ತಿದ್ದೆ, ಅಷ್ಟೆ. ಚಳಿಗಾಲದಿಂದ ಗೊತ್ತಾಯ್ತು. ನೀನು ಎಳ್ಕೋತೀಯ, ಆಮೇಲೆ ಏನೂ ಕೇಳ್ಸಲ್ಲ. ನಾನು ಬಿಲ್ಲು ಎಳೆದು ನಿಂತಿರ್ತೀನಿ." ಅವಳು ಬೆರಳ ತುದಿಯ ಜಡ್ಡನ್ನು ಉಗುರಿನಿಂದ ಕೆರೆದಳು. "ಬಾಣ ಬಿಡೋಕೆ ಅಂತ ನಿಂತಿರಲ್ಲಪ್ಪ. ಇನ್ನೊಂದು ಉಸಿರು ಬರುತ್ತೋ ಇಲ್ವೋ ಅಂತ ನಿಂತಿರ್ತೀನಿ. ಅದು ಬಂದ್ಮೇಲೆ ಬಾಣ ಎಲ್ಲಿಗೆ ಹೋದ್ರೂ ಪರವಾಗಿಲ್ಲ ಅನ್ಸುತ್ತೆ."

ಅವನು ಅಂಗಿಯ ಎರಡನೆಯ ಗುಂಡಿಯನ್ನು ಮುಟ್ಟಿ ನೋಡಿಕೊಂಡ.

"ಇವತ್ತು ಎರಡು ಸಲ ತುಂಬಾ ಹೊತ್ತು ಬರ್ಲೇ ಇಲ್ಲ," ಎಂದಳು ಮಗಳು. "ಬಿಲ್ಲು ಬಿಸಾಕಿ ತಿರುಗಿಬಿಡ್ಬೇಕು ಅಂತಿದ್ದೆ."

ಅದು ಬೇಕೆಂದೇ ಹಿಡಿದದ್ದು, ನಿನ್ನನ್ನು ಪರೀಕ್ಷೆ ಮಾಡಲಿಕ್ಕೆ ಹಿಡಿದದ್ದು, ಎಂದು ಹೇಳಬೇಕಿತ್ತು. ಮಾತು ಬಾಯಿಯವರೆಗೆ ಬಂದಿತ್ತು. ಅವಳ ಕುತ್ತಿಗೆಯ ನರ, ನಡುಗುವ ತೋಳು, ತಾನು ಹಿಂದೆ ನಿಂತು ಅದನ್ನು ಬೀಗದ ಕೈ ತಿರುಗಿಸಿದ ಹಾಗೆ ತಿರುಗಿಸಿ ನೋಡಿದ್ದು, ಎರಡನೆಯ ಸಲದ್ದಂತೂ ಬೇಕಾಗಿಯೇ ಇರಲಿಲ್ಲ. ಹೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಅದು ಇನ್ನೂ ನಾಚಿಕೆಗೇಡು. ಹೇಳಲಿಲ್ಲ. ಬೆಂಚಿನ ಅಂಚನ್ನು ಹಿಡಿದುಕೊಂಡು ನೆಲ ನೋಡಿದ. ಅವಳ ಕಾಲೂ ತನ್ನ ಕಾಲೂ ಪಕ್ಕಪಕ್ಕದಲ್ಲಿದ್ದವು, ಅವಳ ಬೂಟಿನ ಲೇಸು ಎರಡು ಗಂಟು ಹಾಕಿ ಬಿಗಿದಿತ್ತು. ಹಾಗೆ ಕಟ್ಟಲು ಕಲಿಸಿದವನು ಅವನೇ, ಗೆರೆಯ ಮೇಲೆ ನಿಂತಾಗ ಬಿಚ್ಚಬಾರದು ನೋಡು, ಎಂದು. ಡಾಕ್ಟರು ಏನಂದರು ಎಂದು ಅವಳು ಕೇಳಿದಳು. ಅವನು ಹೇಳಿದ, ಗಟ್ಟಿಯಾಗುವುದು, ಮತ್ತೆ ಮೆತ್ತಗಾಗದಿರುವುದು, ಎಲ್ಲ. ಸುಳ್ಳು ಸೇರಿಸದೆ ಹೇಳಿದ್ದರಿಂದ ಬೇಗ ಮುಗಿಯಿತು. ಅವಳು ಅಳಲಿಲ್ಲ. ಅವಳ ಕೈ ಬೆಂಚಿನ ಮೇಲೆ ಅವನ ಕೈಯ ಹತ್ತಿರ ಬಂದು, ಮುಟ್ಟದೆ, ಅಲ್ಲೇ ಉಳಿಯಿತು.

ಅವನೇ ಎದ್ದ. ಆಯ್ಕೆಯ ದಿನ ಹಗ್ಗದ ಆಚೆ ಇರಬೇಕಾದವನು ಇವತ್ತೇ ಬಾಗಿಲಾಚೆ ಇರುತ್ತೇನೆ, ಈ ಕಡೆ ಬಾಗಿಲು ಹಾಕಿಕೋ, ಎಂದ. ಆಯ್ಕೆಗೆ ಹೋಗುವುದೇ ಬೇಡ ಎಂದು ಅವಳು ಒಮ್ಮೆ ಗೊಣಗಿದಳು. ಹಾಗೆಲ್ಲ ಮಾತಾಡಬೇಡ ಎಂದು ಗದರಿದ. ಗದರಿಕೆ ಅರ್ಧಕ್ಕೇ ಸೊರಗಿತು. ಬಾಗಿಲು ದಾಟುವಾಗ ಅವಳು ಹಿಂದಿನಿಂದ ಕರೆದಳು.

"ಕೆಮ್ಮು ಬಂದ್ರೆ ಕೆಮ್ಮಪ್ಪ, ತಡ್ಕೋಬೇಡ. ಕೇಳಿಸಿದ್ರೆ ಅಲ್ಲಿದ್ದೀಯ ಅಂತಾದ್ರೂ ಗೊತ್ತಾಗುತ್ತೆ."

"ಆಯ್ತು," ಎಂದ.

ಮೆಟ್ಟಿಲು ತಿರುಗುವ ಕಡೆಗೆ ಇಳಿದು, ಬೆಳಗ್ಗೆ ಬಗ್ಗಿದ್ದ ಜಾಗದಲ್ಲೇ ಗೋಡೆಗೊರಗಿ ಕೂತ. ಮೇಲೆ ತಗಡಿನ ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ಗೆರೆಗೆ ನಡೆದು ಹೋಗುವುದು ಮರದ ನೆಲದ ಮೇಲೆ ಕೇಳಿಸಿತು, ಎರಡು ಪಾದ ಒಂದೊಂದಾಗಿ ಊರಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಎಳೆದಿರಬೇಕು. ಈಗ ಕೈ ಗದ್ದದ ಕೆಳಗೆ ಕೂತಿರಬೇಕು. ಅವನಿಗೆ ಕೆಮ್ಮು ಬಂತು, ಆಳದಿಂದ, ಹೊಟ್ಟೆ ಸಮೇತ ಎತ್ತಿಕೊಂಡು. ಈಗ ಕೆಮ್ಮಿದರೆ ಅವಳು ಅದಕ್ಕೇ ಬಿಡುತ್ತಾಳೆ. ಆಯ್ತು ಎಂದು ಮಾತು ಕೊಟ್ಟು ಇನ್ನೂ ಮೆಟ್ಟಿಲು ಇಳಿದು ಮುಗಿದಿಲ್ಲ, ಆಗಲೇ ಅದನ್ನು ಮುರಿಯುತ್ತಿದ್ದ. ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಮೇಲೆ ಸದ್ದಿಲ್ಲ. ಕಾಯುತ್ತಿದ್ದಾಳೆ ಎಂದು ಗೊತ್ತಿತ್ತು, ಅವಳ ತೋಳು ಈಗ ನಡುಗಲು ಶುರುವಾಗಿರುತ್ತದೆ ಎಂದೂ ಗೊತ್ತಿತ್ತು. ಕಾಯಬೇಡ ಕಂದಾ, ಎಂದು ಬಟ್ಟೆಯೊಳಗೆ ಹೇಳಿದ. ಹೆದೆ ವಾಪಸು ಇಳಿಸಿದಳೇನೋ, ಮತ್ತೆ ನೆಲ ಕಿರ್ ಎಂದಿತು, ಮತ್ತೆ ಸುಮ್ಮನಾಯಿತು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲತೊಡಗಿದವು. ಅವಳು ಬಂದು ಬಾಗಿಲು ತೆರೆದು ಇಣುಕಿಬಿಟ್ಟರೆ ಮುಗಿಯಿತು, ಅಲ್ಲಿಗೆ ಈ ವಾರವೂ ಹೋಯಿತು, ವರ್ಷವೂ ಹೋಯಿತು. ಬರಬೇಡ ಎಂದ. ಒಂದು ಕ್ಷಣ, ಬರಲಿ, ಬಂದು ನನ್ನನ್ನು ನೋಡಲಿ, ಎಂದೂ ಅನಿಸಿತು.

ಧಪ್ ಎಂದು ಹಲಗೆಗೆ ಬಾಣ ಬಿತ್ತು.

ಎಲ್ಲಿಗೆ ಬಿತ್ತೆಂದು ಇಲ್ಲಿಂದ ಕಾಣುವ ಹಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಒಂದು ಬಾಣ ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತಾಗದೆ ಉಳಿದದ್ದು ಇದೇ ಮೊದಲು. ತೋಳನ್ನು ಬಾಯಿಂದ ತೆಗೆದ, ಕೆಮ್ಮು ತಡೆಯಿಲ್ಲದೆ ನುಗ್ಗಿತು, ಮೆಟ್ಟಿಲ ಗೋಡೆಗಳು ಅದನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಕಳಿಸಿದವು. ಅವಳಿಗೆ ಕೇಳಿಸಿಯೇ ಇರುತ್ತದೆ. ಇನ್ನೂ ಅರ್ಧ ಕೆಮ್ಮು ಎದೆಯಲ್ಲೇ ಇತ್ತು, ಅಷ್ಟರಲ್ಲಿ ಮೇಲೆ ಇನ್ನೊಂದು ಬಾಣ ಬಿತ್ತು. ಕೆಮ್ಮು ಮುಗಿಯಲೆಂದು ಅವಳು ಕಾದಿರಲಿಲ್ಲ. ಅವನಿಗೆ ಬೇಕಾಗಿದ್ದೂ ಅದೇ. ಬಗ್ಗಿ, ಲೇಸಿಲ್ಲದ ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನು ಅಲ್ಲೇ ಕೂತು ಅತ್ತ.